ಮಳೆಗಾಲದ ಎಪಾಕ್ಸಿ ಜಿಡ್ಡು: ನಾನು ಸರಿಮಾಡಿದ್ದು ಹೀಗೆ

ಉಡುಪಿಯ ಮನೆಯಲ್ಲಿ ಸ್ಕೈಬೋಲ್ಟ್ ವಿಮಾನದ ಆರ್‌ಸಿ (ರಿಮೋಟ್‌ನಲ್ಲಿ ಹಾರಿಸುವ) ಮಾದರಿ ಕಟ್ಟುತ್ತಿದ್ದೇನೆ. ಅಸಲಿ ಸ್ಕೈಬೋಲ್ಟ್ ಇಬ್ಬರು ಕೂರುವ, ಆಕಾಶದಲ್ಲಿ ಲಾಗ ಹಾಕುವ ಬೈಪ್ಲೇನ್, ಅಂದರೆ ಮೇಲೊಂದು ಕೆಳಗೊಂದು ಜೋಡಿ ರೆಕ್ಕೆಯ ವಿಮಾನ. ಡೆನ್ವರ್‌ನ ಮೇಷ್ಟ್ರು ಲಮಾರ್ ಸ್ಟೀನ್ ಮನೆಯಲ್ಲೇ ಕಟ್ಟುವವರಿಗಾಗಿ ಮಾಡಿದ ವಿನ್ಯಾಸ, ಮೊದಲು ಹಾರಿದ್ದು 1970ರಲ್ಲಿ. ಅದರ ಒಡಲು ಉಕ್ಕಿನ ಪೈಪು, ರೆಕ್ಕೆ ಮರದ್ದು. ನನ್ನದು ಪೂರ್ತಿ ಬಾಲ್ಸಾ, ತುಂಬಾ ಹಗುರದ ಮರ.

ಜುಲೈ ಮಳೆ ಗೊತ್ತಲ್ವಾ? ರೆಕ್ಕೆಗೆ ಬಳಿದ ಎಪಾಕ್ಸಿ (ಹಾರ್ಡ್‌ನರ್ ಎಂಬ ದ್ರವ ಬೆರೆಸಿದರೆ ಗಟ್ಟಿಯಾಗುವ ರಾಳ) ಗಟ್ಟಿಯಾಯಿತು, ಆದರೆ ಮೇಲೆ ಮೇಣದ ಹಾಗೆ ಜಿಡ್ಡು. ಸ್ಯಾಂಡ್‌ಪೇಪರ್‌ಗೆಲ್ಲ ಮೆತ್ತಿಕೊಂಡಿತು. ಮಲ್ಪೆಯಲ್ಲಿ ಬೋಟಿನ ಫೈಬರ್ ಕೆಲಸದವರೊಬ್ಬರನ್ನು ಕೇಳಿದೆ. "ಸುಮ್ನೆ ಉಜ್ಜಬೇಡಿ ಮಾರಾಯ್ರೆ, ಮೊದಲು ತೊಳೀರಿ" ಅಂದರು.

ತೇವದ ಗಾಳಿಗೆ ಹಾರ್ಡ್‌ನರ್‌ನ ಅಂಶ ಮೇಲೆ ಬಂದು ಕೂರುತ್ತದೆ. ಅದು ನೀರಲ್ಲಿ ಕರಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಹಸಿರು ಸ್ಕ್ರಬ್ಬರ್ ಅದ್ದಿ, ಚೆನ್ನಾಗಿ ಹಿಂಡಿ ತಿಕ್ಕಿದೆ. ಬಾಲ್ಸಾಕ್ಕೆ ನೀರು ಇಳಿಯಬಾರದು. ಒಣಗಿದ ಮೇಲೆ ಉಜ್ಜಿದರೆ ಬಿಳಿ ಪುಡಿ ಉದುರಿತು. ಮುಂದಿನ ಕೋಟ್ ಮಾತ್ರ ಮಳೆ ಬಿಟ್ಟ ಮಧ್ಯಾಹ್ನವೇ ಹೊಡೆದೆ.