ಲಂಡನ್ನಿನ ಹೊಸ ಫ್ಲ್ಯಾಟ್: ಕಾರು ಇದ್ದವರು ಮೊದಲು ಇದನ್ನು ಓದಿ

ಕಿಂಗ್ಸ್ ಕ್ರಾಸ್, ಎಲಿಫೆಂಟ್ ಪಾರ್ಕ್ ಥರದ ಹೊಸ ಬಡಾವಣೆಗಳ ಕಡೆ ಮನೆ ನೋಡಲು ಹೋದ ನಮ್ಮವರು ಮರುಳಾಗದೆ ವಾಪಸ್ ಬರುವುದು ಕಡಿಮೆ. ಕೆಳಗೆ ಅಂಗಡಿ, ಮೇಲೆ ಮನೆ, ಪಕ್ಕದಲ್ಲೇ ಆಫೀಸು, ನಡುವೆ ಪಾರ್ಕು. ಡಿಪಾಸಿಟ್, ಕೌನ್ಸಿಲ್ ಟ್ಯಾಕ್ಸ್ ವಿಷಯ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೇಳುತ್ತಾರೆ. ಕಾರಿನ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ನನಗೂ ಅದು ದುಡ್ಡು ತೆತ್ತ ಮೇಲೇ ಗೊತ್ತಾಗಿದ್ದು.

ಈಚೆಗೆ ದಾವಣಗೆರೆ ಕಡೆಯ ಗಂಡ ಹೆಂಡತಿ ಇಂಥದ್ದೇ ಒಂದು ಬಡಾವಣೆಯಲ್ಲಿ ಫ್ಲ್ಯಾಟ್ ಹಿಡಿದರು. ಆಕೆ ನರ್ಸ್, ರಾತ್ರಿ ಪಾಳಿ, ಆಸ್ಪತ್ರೆ ದೂರ. ಕಾರು ಬೇಕೇ ಬೇಕು. "ರಸ್ತೆಯಲ್ಲಿ ಪಾರ್ಕಿಂಗ್ ಇದೆ" ಎಂದ ಏಜೆಂಟ್. ಸುಳ್ಳಲ್ಲ, ಇದೆ. ಆದರೆ ಇವರಿಗಲ್ಲ! ಎದುರಿನ ಹಳೇ ಮನೆಯವರು ರಸ್ತೆಯಲ್ಲಿ ಕಾರು ನಿಲ್ಲಿಸಲು ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ಪರ್ಮಿಟ್ ಅಂಟಿಸಿಕೊಂಡು ಓಡಾಡುತ್ತಾರೆ, ಇವರ ಅರ್ಜಿ ತಿರಸ್ಕಾರವಾಯಿತು. ಕರಾರು ಒಂದು ವರ್ಷದ್ದು. ಬಿಡುವ ಹಾಗಿರಲಿಲ್ಲ. ಕೊನೆಗೆ ಯಾರದೋ ಗ್ಯಾರೇಜಿಗೆ ತಿಂಗಳು ತಿಂಗಳು ಬೇರೆ ಬಾಡಿಗೆ.

ಆಗಿದ್ದು ಇಷ್ಟು. ಕಟ್ಟಡಕ್ಕೆ ಅನುಮತಿ ಕೊಡುವಾಗ ಕೌನ್ಸಿಲ್ ಡೆವಲಪರ್ ಜೊತೆ ಸೆಕ್ಷನ್ 106 ಅನ್ನುವ, ಅನುಮತಿಗೆ ಷರತ್ತು ಹಾಕುವ ಕಾನೂನು ಒಪ್ಪಂದ ಮಾಡಿಕೊಳ್ಳುತ್ತದೆ. ಈ ವಿಳಾಸದವರಿಗೆ ರಸ್ತೆ ಪರ್ಮಿಟ್ ಇಲ್ಲ ಅನ್ನುವ ಷರತ್ತು ಎಷ್ಟೋ ಕಡೆ ಅದರಲ್ಲೇ ಇರುತ್ತದೆ. ಷರತ್ತು ಅಂಟಿರುವುದು ಮನೆಗೆ, ನಿಮಗಲ್ಲ. ಹಾಗಾಗಿ ಕೊಂಡವರಿಗೂ ಒಂದೇ, ಬಾಡಿಗೆಯವರಿಗೂ ಒಂದೇ. ನೈಟ್ ಶಿಫ್ಟ್, ಚಿಕ್ಕ ಮಗು ಅಂತ ಬೇಡಿಕೊಂಡರೆ ನಡೆಯುವುದಿಲ್ಲ. ಅಂಗವೈಕಲ್ಯದ ಬ್ಲೂ ಬ್ಯಾಡ್ಜ್ ಇದ್ದವರಿಗೆ ಸಾಮಾನ್ಯವಾಗಿ ವಿನಾಯಿತಿ ಉಂಟು. ಎಲ್ಲೋ ಅಪರೂಪಕ್ಕೆ ಹೀಗೆ ಅಂದುಕೊಳ್ಳಬೇಡಿ. ಕಿಂಗ್ಸ್ ಕ್ರಾಸ್ ಇರುವ ಕ್ಯಾಮ್ಡೆನ್ ಕೌನ್ಸಿಲ್ 2017ರ ತನ್ನ ಕಟ್ಟಡ ಯೋಜನೆಯಲ್ಲೇ ಹೊಸದಾಗಿ ಕಟ್ಟುವುದೆಲ್ಲ ಕಾರು ರಹಿತ, ಅಂದರೆ ನಿವಾಸಿಗಳಿಗೆ ರಸ್ತೆ ಪರ್ಮಿಟ್ ಇಲ್ಲದ್ದು, ಆಗಿರಬೇಕು ಎಂದಿತು. ಇಡೀ ನಗರದ ಕಟ್ಟಡ ನೀತಿಯಾದ 2021ರ ಲಂಡನ್ ಪ್ಲಾನ್ ಕೂಡ ಬಸ್ಸು, ರೈಲು ಚೆನ್ನಾಗಿರುವ ಕಡೆ ಕಾರು ರಹಿತ ಅನ್ನುವುದರಿಂದಲೇ ಶುರು ಮಾಡಿ ಎನ್ನುತ್ತದೆ.

ಕಟ್ಟಡ ಹಳೆಯದಾಗಿ ಕಂಡರೂ ನಂಬಬೇಡಿ. ಹಳೇ ಆಫೀಸನ್ನೋ ಪಬ್ ಮೇಲಿನ ಮಹಡಿಯನ್ನೋ ಫ್ಲ್ಯಾಟ್ ಮಾಡಿದ್ದರೆ ಅದಕ್ಕೂ ಇದೇ ಷರತ್ತು ಬಿದ್ದಿರಬಹುದು.

ಹೋಲ್ಡಿಂಗ್ ಡಿಪಾಸಿಟ್ (ಮನೆ ಕಾದಿರಿಸಲು ಕೊಡುವ ಮುಂಗಡ) ಕಟ್ಟುವ ಮೊದಲೇ ಕೌನ್ಸಿಲಿನ ಪಾರ್ಕಿಂಗ್ ವಿಭಾಗಕ್ಕೆ ಫ್ಲ್ಯಾಟ್ ನಂಬರ್ ಸಮೇತ ವಿಳಾಸ ಬರೆದು ಇಮೇಲ್ ಮಾಡಿ. ಬಾಯಿಮಾತು ಬೇಡ, ಉತ್ತರ ಬರಹದಲ್ಲೇ ಇರಲಿ. ಕೌನ್ಸಿಲ್ ವೆಬ್‌ಸೈಟಿನ ಪ್ಲಾನಿಂಗ್ ದಾಖಲೆಯಲ್ಲಿ ವಿಳಾಸ ಹಾಕಿದರೆ ಒಪ್ಪಂದದ ಪಿಡಿಎಫ್ ಬಹಳ ಸಲ ಸಿಗುತ್ತದೆ. 'ಕಾರ್ ಫ್ರೀ', 'ಪರ್ಮಿಟ್ ಫ್ರೀ' ಅಂತ ಹುಡುಕಿ. ಅಂದರೆ ಪರ್ಮಿಟ್ ಸಿಗುವುದಿಲ್ಲ ಅಂತ. ಪರ್ಮಿಟ್ ಪುಕ್ಕಟೆ ಅಂತ ಅರ್ಥ ಮಾಡಿಕೊಂಡವರನ್ನೂ ನೋಡಿದ್ದೇನೆ! ಮನೆ ಕೊಳ್ಳುವವರು ಕಾಗದಪತ್ರ ನೋಡುವ ವಕೀಲರಿಗೆ (ಸಾಲಿಸಿಟರ್) ಇದನ್ನೇ ನೋಡಿ ಅಂತ ಬಾಯಿಬಿಟ್ಟು ಹೇಳಿ.

ಹೋದಾಗ ಹೀಟಿಂಗ್ ಬಗ್ಗೆಯೂ ಕೇಳಿ. ಇಡೀ ಬಡಾವಣೆಗೆ ಒಂದೇ ಹೀಟ್ ನೆಟ್‌ವರ್ಕ್ (ಒಂದೇ ಕಡೆಯಿಂದ ಎಲ್ಲ ಮನೆಗೂ ಪೈಪಿನಲ್ಲಿ ಬಿಸಿ ಕಳಿಸುವ ವ್ಯವಸ್ಥೆ) ಇದ್ದರೆ ಸಪ್ಲೈಯರ್ ಬದಲಿಸಲು ಆಗುವುದಿಲ್ಲ. ಗ್ಯಾಸ್, ಕರೆಂಟಿಗಿರುವ ಪ್ರೈಸ್ ಕ್ಯಾಪ್, ಅಂದರೆ ದರದ ಮಿತಿ, ಅದಕ್ಕಿಲ್ಲ.

ಇಷ್ಟೆಲ್ಲ ಬೈದರೂ ಲಂಡನ್ ಪದ್ಧತಿಯೇ ಸರಿ ಅನ್ನುವವನು ನಾನು. ಬೆಂಗಳೂರಲ್ಲಿ ಮನೆಗಿಷ್ಟು ಕಾರಿನ ಜಾಗ ಬಿಡಲೇಬೇಕು ಅನ್ನುವ ನಿಯಮ. ಬಿಟ್ಟರೂ ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಕಾಲಿಡಲು ಜಾಗವಿಲ್ಲ, ಅಲ್ವಾ? ಲಂಡನ್ 2004ರಲ್ಲೇ ಅಂಥ ನಿಯಮವನ್ನು ತಿರುಗಿಸಿ, ಕಾರಿಗೆ ಇಷ್ಟಕ್ಕಿಂತ ಜಾಸ್ತಿ ಜಾಗ ಕೊಡಬೇಡಿ ಅಂದಿತು. ನಿಯಮ ಒಳ್ಳೆಯದು, ಬಾಡಿಗೆಯವರಿಗೆ ಮುಂಚೆಯೇ ಹೇಳದಿರುವುದು ಕೆಟ್ಟದ್ದು.

ಇನ್ನೊಂದು, ಅದೇ ಒಪ್ಪಂದದಲ್ಲಿ ಕೆಲವೊಮ್ಮೆ ನಿವಾಸಿಗಳಿಗೆ ಕಾರ್ ಕ್ಲಬ್ (ಬೇಕಾದಾಗ ಸ್ವಲ್ಪ ಹೊತ್ತಿಗೆ ಬಾಡಿಗೆಗೆ ಸಿಗುವ ಹಂಚಿಕೆಯ ಕಾರು) ಸದಸ್ಯತ್ವ ಉಚಿತವಾಗಿ ಕೊಡಬೇಕು ಅಂತಲೂ ಇರುತ್ತದೆ. ತಾವಾಗಿ ಯಾರೂ ಹೇಳುವುದಿಲ್ಲ. ಕೇಳಿ ಪಡೆಯಿರಿ.