ಕರ್ಸರ್ ಕದಲದೆ ಪಕ್ಕದ ಸಾಲು ಅಳಿಸಲು ನಾನು ಕಂಡುಕೊಂಡ ದಾರಿ

ಹಳೆಯ ಕನ್ನಡ ಪುಸ್ತಕಗಳ ಪುಟಗಳನ್ನು ಸ್ಕ್ಯಾನ್ ಮಾಡಿ, ಓಸಿಆರ್‌ನಿಂದ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರದಿಂದ) ಬಂದ ಪಠ್ಯವನ್ನು ವಿಮ್ ಎಂಬ ಪಠ್ಯ ಎಡಿಟರ್‌ನಲ್ಲಿ ತಿದ್ದುವುದು ನನ್ನ ಸಂಜೆಯ ಕೆಲಸ. ವಿಮ್‌ನಲ್ಲಿ ಕೀಲಿಗಳೇ ಆಜ್ಞೆಗಳು. ಸಾಲಿನ ನಡುವೆ ಯಾವುದೋ ಒತ್ತಕ್ಷರ ಸರಿಪಡಿಸುತ್ತಿರುವಾಗಲೇ ಕೆಳಗಿನ ಸಾಲು ಕಣ್ಣಿಗೆ ಬೀಳುತ್ತದೆ: ಪುಟಸಂಖ್ಯೆ, ಇಲ್ಲವೇ ಕಾಗದದ ಕಲೆಯನ್ನೇ ಅಕ್ಷರವೆಂದು ಓದಿಕೊಂಡ ಕಸ. ಮೊದಲೆಲ್ಲ ಜೆ ಒತ್ತಿ ಕೆಳಗಿಳಿದು, ಡಿ ಡಿ ಒತ್ತಿ ಅಳಿಸಿ, ಕೆ ಒತ್ತಿ ಹತ್ತಿ ಬರುತ್ತಿದ್ದೆ. ಅಷ್ಟರಲ್ಲಿ ಕರ್ಸರ್ ಸಾಲಿನ ಮೊದಲಿಗೆ ಹೋಗಿ ಕೂತಿರುತ್ತಿತ್ತು. ಬಿಟ್ಟ ಜಾಗಕ್ಕೆ ಮರಳುವುದು ಕನ್ನಡದಲ್ಲಿ ಸುಲಭವಲ್ಲ. ‘ರಾಷ್ಟ್ರ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ವಿಮ್ ಅದನ್ನು ರಾ, ಷ್, ಟ್, ರ ಎಂದು ನಾಲ್ಕು ಹೆಜ್ಜೆಯಲ್ಲಿ ದಾಟುತ್ತದೆ.

ಕೈಗೆ ಸಿಕ್ಕ ಉಪಾಯ ಬಹಳ ಹಳೆಯದು. ಕೋಲನ್, ಪ್ಲಸ್, ಡಿ, ಎಂಟರ್: ಕೆಳಗಿನ ಸಾಲು ಮಾಯ. ಪ್ಲಸ್ ಬದಲು ಮೈನಸ್ ಹಾಕಿದರೆ ಮೇಲಿನದು. ‘ಪ್ಲಸ್, ಅಲ್ಪವಿರಾಮ, ಪ್ಲಸ್ 3, ಡಿ’ ಎಂದರೆ ಕೆಳಗಿನ ಮೂರೂ ಸಾಲು. ಸಾಲನ್ನು ಹೀಗೆ ವಿಳಾಸದಿಂದ ಕರೆಯುವ ಪದ್ಧತಿ ಕೆನ್ ಥಾಂಪ್ಸನ್ 1969ರಲ್ಲಿ ಬರೆದ ‘ಎಡ್’ ಎಡಿಟರ್‌ನಲ್ಲೇ ಇತ್ತು. ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್ ಯಂತ್ರದಲ್ಲಿ ಓಡಾಡಲು ಕರ್ಸರ್ ಎಲ್ಲಿಂದ ಬರಬೇಕು? ಆ ಕೊರತೆಯಿಂದ ಹುಟ್ಟಿದ್ದು ಇವತ್ತು ನನಗೆ ವರವಾಗಿದೆ.

ಆದರೆ ಇಷ್ಟೇ ಸಾಲದು. ಅಳಿಸಿದ ಮೇಲೆ ಕರ್ಸರ್ ಆ ಖಾಲಿಯಾದ ಜಾಗಕ್ಕೇ ಹೋಗಿ ನಿಲ್ಲುತ್ತದೆ. ಹಾಗಾಗಿ ಅಳಿಸುವ ಮೊದಲು ಎಂ ಝಡ್ ಒತ್ತಿ ಕರ್ಸರ್ ಇರುವಲ್ಲಿ ಗುರುತು ಹಾಕುತ್ತೇನೆ, ಅಳಿಸಿದ ನಂತರ ಬ್ಯಾಕ್‌ಟಿಕ್ (` ಚಿಹ್ನೆ) ಮತ್ತು ಝಡ್ ಒತ್ತಿ ಅದೇ ಅಕ್ಷರಕ್ಕೆ ಮರಳುತ್ತೇನೆ. ಮೇಲಿನ ಸಾಲು ಹೋದರೂ ಗುರುತು ತನ್ನ ಸಾಲಿನ ಜೊತೆಗೇ ಸರಿಯುತ್ತದೆ. ಬ್ಯಾಕ್‌ಟಿಕ್ ಬದಲು ಒಂಟಿ ಉದ್ಧರಣ ಚಿಹ್ನೆ ಒತ್ತಿದರೆ ಮತ್ತೆ ಸಾಲಿನ ಮೊದಲೇ ಗತಿ. ಇದರಲ್ಲಿ ನಾನು ತುಂಬಾ ದಿನ ಎಡವಿದ್ದೇನೆ.

ಇನ್ನೊಂದು ಪೆಟ್ಟು ತಿಂದದ್ದು ಪೇಸ್ಟ್ ಮಾಡುವಾಗ. ನಕಲು ಮಾಡಿಟ್ಟ ಪದ್ಯದ ಬದಲು ಪುಟಸಂಖ್ಯೆ ಬಂದು ಕೂತಿತು, ಏಕೆಂದರೆ ಅಳಿಸಿದ ಸಾಲು ರಿಜಿಸ್ಟರ್‌ಗೆ, ಅಂದರೆ ನಕಲು ಮಾಡಿದ್ದನ್ನು ವಿಮ್ ಇಟ್ಟುಕೊಳ್ಳುವ ಜಾಗಕ್ಕೇ, ಹೋಗುತ್ತದೆ. ಅಂದಿನಿಂದ ಡಿ ನಂತರ ಜಾಗ ಬಿಟ್ಟು ಅಂಡರ್‌ಸ್ಕೋರ್ ಸೇರಿಸುತ್ತೇನೆ. ಕಸ ಕಸದ ಬುಟ್ಟಿಗೇ ಹೋಗುತ್ತದೆ, ಪದ್ಯ ಉಳಿಯುತ್ತದೆ.

ಇಷ್ಟನ್ನೂ ಒಂದು ಸಾಲಾಗಿ ವಿಮ್‌ನ ಸೆಟ್ಟಿಂಗ್ ಕಡತವಾದ ವಿಮ್‌ಆರ್‌ಸಿಯಲ್ಲಿ ಬರೆದು, ಲೀಡರ್ ಕೀ (ನಮ್ಮದೇ ಆಜ್ಞೆಗಳಿಗೆ ಮೊದಲು ಒತ್ತುವ ಕೀಲಿ) ಜೊತೆ ಜೆಗೆ ಕೆಳಗಿನ ಸಾಲನ್ನೂ ಕೆಗೆ ಮೇಲಿನ ಸಾಲನ್ನೂ ಒಪ್ಪಿಸಿದ್ದೇನೆ. ತಪ್ಪಿ ಒಳ್ಳೆಯ ಸಾಲು ಹೋದರೆ ಯು ಒತ್ತಿ ಅದನ್ನು ಮರಳಿ ತರಬೇಕು. ಆಗ ಕರ್ಸರ್ ಮರಳಿ ಬಂದ ಸಾಲಿಗೆ ಹಾರುತ್ತದೆ, ಬ್ಯಾಕ್‌ಟಿಕ್ ಝಡ್ ಒತ್ತಿ ಕರ್ಸರನ್ನು ಒತ್ತಕ್ಷರದ ಬಳಿಗೆ ಕರೆತರುತ್ತೇನೆ.