ವಾಲ್ವ್ ರೇಡಿಯೋದ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಮತ್ತೆ ಕಟ್ಟಿಸಿದ್ದು: ನನ್ನ ಅನುಭವ

ಇಎಲ್84 ಅನ್ನೋ ಔಟ್‌ಪುಟ್ ವಾಲ್ವ್ (ಸ್ಪೀಕರಿಗೆ ಶಕ್ತಿ ಕೊಡೋ ಗಾಜಿನ ಕೊಳವೆ) ಇರೋ ಹಳೇ ರೇಡಿಯೋ ನನ್ನದು. ಆ ವಾಲ್ವ್‌ಗೂ ಸ್ಪೀಕರಿಗೂ ಮಧ್ಯ ಕೂರೋದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್: ವಾಲ್ವ್ ಕಡೆಯ ಸುತ್ತು ಪ್ರೈಮರಿ, ಸ್ಪೀಕರ್ ಕಡೆಯದು ಸೆಕೆಂಡರಿ. ಡಯಲ್ ಲೈಟ್ ಉರೀತಿತ್ತು, ವಾಲ್ವ್‌ಗಳೆಲ್ಲ ಬಿಸಿ ಆಗ್ತಿತ್ತು, ಸ್ಪೀಕರಲ್ಲಿ ಮಾತ್ರ ಗುಂಯ್ ಅನ್ನೋ ಹಮ್ ಕೂಡ ಇಲ್ಲ. ಇಂಥ ಕೇಸಲ್ಲಿ ಕೋಣೆ ಲೈಟ್ ಆರಿಸಿ ಇಎಲ್84 ಒಳಗೆ ಇಣುಕಿ ನೋಡಿ. ಸ್ಕ್ರೀನ್ ಗ್ರಿಡ್ ಅನ್ನೋ ಒಳಗಿನ ಜಾಲರಿ ತಂತಿ ಕೆಂಡದ ಹಾಗೆ ಕೆಂಪಾಗಿದ್ರೆ ತಕ್ಷಣ ಆಫ್ ಮಾಡಿ, ಟ್ರಾನ್ಸ್‌ಫಾರ್ಮರ್ ಪ್ರೈಮರಿ ಕಟ್ ಆಗಿ ಆನೋಡ್‌ಗೆ (ವಾಲ್ವ್ ಒಳಗಿನ ಹೊರ ತಗಡಿಗೆ) ವೋಲ್ಟೇಜೇ ಹೋಗ್ತಿಲ್ಲ, ಆ ಭಾರನೆಲ್ಲ ಸ್ಕ್ರೀನ್ ಹೊರ್ತಿದೆ ಅಂತ ಅರ್ಥ. ಫಿಲ್ಟರ್ ಕೆಪಾಸಿಟರ್ ಡಿಸ್ಚಾರ್ಜ್ ಮಾಡ್ಕೊಂಡು ಮೀಟರ್ ಇಟ್ರೆ ಪ್ರೈಮರಿ ಓಪನ್.

ಉಡುಪಿ ಕಡೆಯ ಮಳೆಗಾಲದಲ್ಲಿ ಇದು ಮಾಮೂಲಿ. ಪ್ರೈಮರಿ ಮೇಲೆ ಸದಾ 250 ವೋಲ್ಟ್ ಡಿಸಿ, ಪೇಪರ್ ತೇವ ಹಿಡಿದಿರತ್ತೆ, ಕೂದಲಿನಷ್ಟು ತೆಳು ತಾಮ್ರ ನಿಧಾನಕ್ಕೆ ಕಿಲುಬು ಹಿಡಿದು ಕರಗಿ ಹೋಗತ್ತೆ. ಅದೃಷ್ಟ ಇದ್ರೆ ಲೀಡ್ ವೈರ್ ಬೆಸುಗೆ ಹಾಕಿರೋ ಜಾಗದಲ್ಲೇ ಕಟ್ ಆಗಿರತ್ತೆ, ಹೇರ್ ಡ್ರೈಯರಲ್ಲಿ ಬಿಸಿ ಮಾಡಿ ಮೇಲಿನ ಪೇಪರ್ ಎತ್ತಿ ಎನಾಮಲ್ ಕೆರೆದು ಮತ್ತೆ ಬೆಸುಗೆ ಹಾಕಿದ್ರೆ ಮುಗೀತು. ನನ್ನದ್ರಲ್ಲಿ ಹಸಿರು ಚುಕ್ಕೆ ಒಳಗಿನ ಪದರದಲ್ಲಿತ್ತು, ಬಿಚ್ಚದೆ ಬೇರೆ ದಾರಿ ಇರ್ಲಿಲ್ಲ.

ಬಿಚ್ಚುವಾಗ ಸುತ್ತು ಎಣಿಸೋದೇ ಮುಖ್ಯ ಕೆಲಸ. ಕೌಂಟರ್ ಇರೋ ಕೈ ಮಷಿನ್‌ಗೆ ಹಾಕಿ ಹಿಂದಕ್ಕೆ ತಿರುಗಿಸಿದೆ: ಸೆಕೆಂಡರಿ 24 ಗೇಜ್ 75 ಸುತ್ತು, ಪ್ರೈಮರಿ 38 ಗೇಜ್ ಹತ್ರಹತ್ರ 2800. ಸುತ್ತುಗಳ ಅನುಪಾತ 37, ಅದರ ವರ್ಗಕ್ಕೆ ಸ್ಪೀಕರಿನ 4 ಓಮ್ಸ್ ಗುಣಿಸಿದ್ರೆ ಐದೂವರೆ ಸಾವಿರ ಓಮ್ಸ್ ಬರತ್ತೆ, ಇಎಲ್84 ಕೇಳೋ ಲೋಡ್ 5200, ಅಂದ್ರೆ ಲೆಕ್ಕ ಸರಿಯಾಗಿದೆ.

ವೈಂಡಿಂಗಿಗೆ ಊರಲ್ಲಿ ಮಿಕ್ಸಿ, ಪಂಪ್ ಮೋಟರ್ ಕಟ್ಟೋ ಅಂಗಡಿಗೇ ಕೊಟ್ಟೆ, ಪದರ ಪದರಕ್ಕೂ ಪೇಪರ್ ಹಾಕಿ ಅಂತ ಹೇಳಿ ಪಕ್ಕದಲ್ಲೇ ಕೂತೆ. ಕಟ್ಟಿದ್ದು ಚೆನ್ನಾಗೇ ಕಟ್ಟಿದ್ರು. ಆದ್ರೆ ಕೋರಿನ ಸ್ಟಾಂಪಿಂಗ್ (ಇಂಗ್ಲಿಷಿನ 'ಇ', 'ಐ' ಆಕಾರದ ಕಬ್ಬಿಣದ ತಗಡು) ತುಂಬಿಸೋಕೆ ಶುರು ಮಾಡ್ದಾಗ ಒಂದು 'ಇ' ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ ಅಂತ ಅದಲು ಬದಲು ಹಾಕ್ತಾ ಹೋದ್ರು, ಅಲ್ಲೇ ತಡೆದೆ. ಮೇನ್ಸ್ ಟ್ರಾನ್ಸ್‌ಫಾರ್ಮರ್‌ಗೆ ಅದು ಸರಿ. ಇಲ್ಲಿ ಪ್ರೈಮರೀಲಿ ಸದಾ 48 ಮಿಲಿಆಂಪ್ ಡಿಸಿ ಒಂದೇ ದಿಕ್ಕಲ್ಲಿ ಹರೀತಿರತ್ತೆ, 'ಇ', 'ಐ' ಮಧ್ಯ ಗ್ಯಾಪ್ ಇಲ್ದಿದ್ರೆ ಕೋರ್ ಸ್ಯಾಚುರೇಟ್ ಆಗಿ (ಕಾಂತತ್ವ ತುಂಬಿ ಹೋಗಿ) ಬೇಸ್ ಸತ್ತೇ ಹೋಗತ್ತೆ, ಮದ್ದಳೆ ಬಾರಿಸಿದ್ರೆ ಡಬ್ಬ ಬಡಿದಂಗೆ ಕೇಳತ್ತೆ. ಎಲ್ಲಾ 'ಇ' ಒಂದೇ ಕಡೆ, ಎಲ್ಲಾ 'ಐ' ಇನ್ನೊಂದು ಕಡೆ, ಮಧ್ಯ ಒಂದು ಪದರ ತೆಳು ಪೇಪರ್, ಹೀಗೇ ಇರ್ಬೇಕು. ಹಳೇದನ್ನ ಬಿಚ್ಚುವಾಗ ಆ ಪೇಪರ್ ಚೂರು ಬಿಸಾಕಬೇಡಿ, ಅಳತೆಗೆ ಅದೇ ಆಧಾರ. ಚೋಕ್‌ಗೂ (ಪವರ್ ಸಪ್ಲೈಯಲ್ಲಿರೋ ಫಿಲ್ಟರ್ ಕಾಯಿಲ್) ಇದೇ ನಿಯಮ, ಅದ್ರಲ್ಲೂ ಡಿಸಿ ಹರಿಯತ್ತೆ.

ವಾರ್ನಿಷಲ್ಲಿ ಮುಳುಗಿಸಿ ಒಣಗಿಸಿದ ಮೇಲೂ ಸೀದಾ ಆನ್ ಮಾಡ್ಬೇಡಿ. ಹಿಂದಿನ ವಾಲ್ವ್‌ನ ಸಿಗ್ನಲನ್ನ ಇಎಲ್84ರ ಕಂಟ್ರೋಲ್ ಗ್ರಿಡ್‌ಗೆ ಕೊಡೋ ಕಪ್ಲಿಂಗ್ ಕೆಪಾಸಿಟರ್ ಹಳೇ ಪೇಪರ್ ಟೈಪಾದ್ರೆ ಲೀಕ್ ಆಗಿಯೇ ಇರತ್ತೆ ಅಂದ್ಕೊಳ್ಳಿ. ಗ್ರಿಡ್ ಪಾಸಿಟಿವ್ ಆಗಿ ವಾಲ್ವ್ ವಿಪರೀತ ಕರೆಂಟ್ ಎಳೆದು ಹೊಸ ಟ್ರಾನ್ಸ್‌ಫಾರ್ಮರನ್ನೂ ಸುಡತ್ತೆ. ಆ ಕಪ್ಲಿಂಗ್ ಕೆಪಾಸಿಟರನ್ನ ಬದಲಾಯ್ಸಿದೆ, ಫಿಲ್ಟರ್ ಕೆಪಾಸಿಟರೂ ಹೊಸದು, ಆಮೇಲೆ 60 ವ್ಯಾಟ್ ಬಲ್ಬಿನ ಸೀರೀಸ್ ಲ್ಯಾಂಪಲ್ಲಿ (ಮೇನ್ಸ್ ಕರೆಂಟ್ ಬಲ್ಬಿನ ಮೂಲಕವೇ ರೇಡಿಯೋಗೆ ಹೋಗೋ ಹಾಗೆ) ಆನ್ ಮಾಡ್ದೆ. ಅದೆಲ್ಲ ಸರಿ ಕಂಡ ಮೇಲೆ ನೇರ ಮೇನ್ಸ್‌ಗೆ ಕೊಟ್ಟು ನೋಡಿದ್ರೆ ಕ್ಯಾಥೋಡಿನ 150 ಓಮ್ಸ್ ರೆಸಿಸ್ಟರ್ ಮೇಲೆ 7 ವೋಲ್ಟ್, ಅಂದ್ರೆ ಸುಮಾರು 47 ಮಿಲಿಆಂಪ್. ಬೇಸ್ ಚೆನ್ನಾಗಿ ಬಂತು.

ಕಟ್ಟಿಸೋ ಸೌಕರ್ಯ ಇಲ್ಲ ಅಂದ್ರೆ ಒಂದು ಜುಗಾಡ್ ಇದೆ. 230ರಿಂದ 6 ವೋಲ್ಟಿನ ಚಿಕ್ಕ ಟ್ರಾನ್ಸ್‌ಫಾರ್ಮರ್ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸುಲಭಕ್ಕೆ ಸಿಗತ್ತೆ, ಅದರ ಅನುಪಾತ 38ರ ಹತ್ರಾನೇ. ಹಾಗೇ ಹಾಕಿದ್ರೆ ನಡೆಯಲ್ಲ, ಸ್ಟಾಂಪಿಂಗ್ ಬಿಚ್ಚಿ ಮೇಲೆ ಹೇಳಿದಂಗೆ ಗ್ಯಾಪ್ ಕೊಟ್ಟು ತುಂಬ್ಸಿ, ಸುದ್ದಿ ಕೇಳೋಕೆ ಧಾರಾಳ ಸಾಕು, ಹಾಡಿಗೆ ಮಾತ್ರ ಅಷ್ಟು ಮಜಾ ಇರಲ್ಲ.